ಗೋಡೆಯಾಚೆಯ ಕುರಿ

ಸಿಂಧಘಟ್ಟದ ಕೆಳಬೀದಿಯಲ್ಲಿ ಯಾರ ಮನೆಯ ಕುರಿ ಈಯಲಾರದೆ ತಿಣುಕಿದರೂ ಜನ ಮೊದಲು ಬಂದು ನಿಲ್ಲುತ್ತಿದ್ದುದು ದೊಡ್ಡತಾಯಮ್ಮನ ಬಾಗಿಲಲ್ಲಿ. ಆಕೆ ಉಣ್ಣುತ್ತಿದ್ದರೆ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಒಲೆಯ ಮುಂದಿದ್ದರೆ ಸೌದೆಯನ್ನು ಹಿಂದಕ್ಕೆಳೆದು ಏಳುತ್ತಿದ್ದಳು. ಹರಳೆಣ್ಣೆಯ ಸೀಸೆ ಗೋಡೆಯ ಗೂಡಿನಲ್ಲಿ ಸದಾ ಸಿದ್ಧವಾಗಿರುತ್ತಿತ್ತು. ಬಳೆಗಳನ್ನು ಮೇಲಕ್ಕೇರಿಸಿ, ಎಣ್ಣೆ ಸವರಿದ ಸಣ್ಣ ಕೈಯನ್ನು ಒಳಗಿಟ್ಟು, ಕಣ್ಣು ಮುಚ್ಚಿಕೊಂಡು ಕೂತಳೆಂದರೆ ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರು. ಮಡಚಿದ ಕಾಲನ್ನು ನೆಟ್ಟಗೆ ಮಾಡಿ, ಹಿಂದಕ್ಕೆ ಹೊರಳಿದ ತಲೆಯನ್ನು ಮುಂದಕ್ಕೆ ತಂದು, ಕುರಿ ತಿಣುಕಿದಾಗ ಮಾತ್ರ ಎಳೆದು, ಕೊನೆಗೆ ಮರಿಯನ್ನು ಹುಲ್ಲಿನ ಮೇಲೆ ಮಲಗಿಸುತ್ತಿದ್ದಳು. ತಾಯಮ್ಮನ ಕೈಗೆ ಬಂದ ಮರಿ ಸಾಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಆಕೆ ಕೈತೊಳೆಯಲು ಎದ್ದುಹೋಗುತ್ತಿದ್ದಳು.

ಆಕೆ ಹೆತ್ತ ಮೂರು ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಮೊದಲನೆಯದು ಉಸಿರಿಲ್ಲದೆಯೇ ಬಂತು. ಎರಡನೆಯದು ತೊಟ್ಟಿಲಲ್ಲಿ ಹೋಯಿತು. ಕೊನೆಯದು ಹೆಸರಿಡಿಸಿಕೊಂಡು, ಅಂಬೆಗಾಲಿಟ್ಟು, ಹಟ್ಟಿಯಲ್ಲೆಲ್ಲ ಕುರಿಮರಿಗಳ ಹಿಂದೆ ಓಡಾಡಿ, ಒಂದು ಮಳೆಗಾಲದ ಜ್ವರದಲ್ಲಿ ಹೋಗಿಬಿಟ್ಟಿತು. ಆಮೇಲೆ ಆಕೆಗೆ ಮಕ್ಕಳಾಗಲಿಲ್ಲ. ಗಂಡ ದೇವಯ್ಯ ಅದರ ಬಗ್ಗೆ ಒಂದು ದಿನವೂ ಎತ್ತಿ ಆಡಿದವನಲ್ಲ. ಅವನು ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಎಲೆಅಡಿಕೆ ಬಾಯಲ್ಲಿ ತುಂಬಿಕೊಂಡರೆ ಹೊತ್ತು ಮುಳುಗುವವರೆಗೆ ಅಷ್ಟೇ ಸಾಕು ಅವನಿಗೆ.

ನಾಗಮಂಗಲದ ಕಡೆಯ ಹಳ್ಳಿಯೊಂದರಿಂದ ಆಕೆ ಈ ಮನೆಗೆ ಸೊಸೆಯಾಗಿ ಬಂದಾಗ ಅಪ್ಪ ಬಳುವಳಿಯಾಗಿ ಒಂದು ಹೆಣ್ಣು ಮರಿಯನ್ನು ಗಾಡಿಯಲ್ಲಿ ಕೂರಿಸಿ ಕಳಿಸಿದ್ದ. ಗಿಡ್ಡ ಕಾಲಿನ, ಮೈತುಂಬಿದ ಬನ್ನೂರು ಕುರಿ; ಮುಖ ಕೆಂಚಗೆ, ಕೊರಳಲ್ಲಿ ತೊಗಲಿನ ಎರಡು ಸಣ್ಣ ಜೋಲು. ಅದು ಈದಿತು, ಅದರ ಮಗಳು ಈದಿತು, ಮಗಳ ಮಗಳು ಈದಿತು. ಮನೆಯ ಹಿಂದಿನ ರೊಪ್ಪ ತುಂಬಿತು. ಅಪ್ಪ ಅಮ್ಮ ತೀರಿಕೊಂಡು ತವರಿನ ದಾರಿ ಸವೆದುಹೋದ ಮೇಲೂ ಆ ಕೆಂಚು ಮುಖಗಳು ಮಾತ್ರ ದೊಡ್ಡತಾಯಮ್ಮನ ಕಣ್ಣೆದುರು ಓಡಾಡಿಕೊಂಡಿದ್ದವು. ಜೊತೆಗೆ ಒಂದಷ್ಟು ಆಡುಗಳನ್ನೂ ಸಾಕಿಕೊಂಡಳು. ಕುರಿ ಮರಿಗೆ, ಆಡು ಹಾಲಿಗೆ ಎಂಬುದು ಆಕೆಯ ಲೆಕ್ಕ.

ದೇವಯ್ಯನ ತಮ್ಮ ಪುಟ್ಟಸ್ವಾಮಿಗೆ ಪಾಂಡವಪುರದ ಕಡೆಯಿಂದ ಯಶೋದಮ್ಮನನ್ನು ತಂದರು. ಯಶೋದಮ್ಮ ಚುರುಕು ಹುಡುಗಿ. ಬಾಯೂ ಅಷ್ಟೇ ಚುರುಕು, ಅಳುವೂ ಬೇಗ, ನಗುವೂ ಬೇಗ. ಬಂದ ಎರಡನೇ ವರ್ಷಕ್ಕೆ ಅವಳಿಗೆ ಹೆಣ್ಣುಮಗುವಾಯಿತು. ಬಾಣಂತಿಗೆ ಜ್ವರ ಏರಿ, ಎದೆ ಹಾಲು ಬತ್ತಿ, ತಿಂಗಳುಗಟ್ಟಲೆ ಅವಳು ಮಂಚ ಬಿಟ್ಟೇಳಲಿಲ್ಲ. ಆಗ ಮಗುವನ್ನು ಮಡಿಲಿಗೆ ಹಾಕಿಕೊಂಡವಳು ದೊಡ್ಡತಾಯಮ್ಮ. ಆಡಿನ ಹಾಲು ಕಾಯಿಸಿ, ನೀರು ಬೆರೆಸಿ, ಬಟ್ಟೆಯ ಬತ್ತಿಯಲ್ಲಿ ಅದ್ದಿ ತೊಟ್ಟುತೊಟ್ಟಾಗಿ ಕುಡಿಸಿದಳು. ಮಗು ಬದುಕಿತು. ದೀಪ ಎಂದು ಹೆಸರಿಟ್ಟರು. ಆ ಹುಡುಗಿ ಹೆತ್ತವಳನ್ನು ಅವ್ವ ಎಂದೂ ದೊಡ್ಡತಾಯಮ್ಮನನ್ನು ದೊಡ್ಡವ್ವ ಎಂದೂ ಕರೆಯುತ್ತಿದ್ದಳು. ಬಿದ್ದು ಮೊಣಕಾಲು ತರಚಿಕೊಂಡಾಗ ಮಾತ್ರ ಓಡಿಬರುತ್ತಿದ್ದುದು ದೊಡ್ಡವ್ವನ ಹತ್ತಿರ. ಯಶೋದಮ್ಮ ಅದನ್ನು ನೋಡಿ ನಗುತ್ತಿದ್ದಳು, 'ನೀನೇ ಮಡೀಕೊ ಕಣಕ್ಕ ಇವಳ್ನ' ಎನ್ನುತ್ತಿದ್ದಳು. ಅದರಲ್ಲಿ ಕಹಿಯೇನೂ ಇದ್ದಂತೆ ಆಗ ಯಾರಿಗೂ ಕಂಡಿರಲಿಲ್ಲ.

ದೀಪ ದೊಡ್ಡವಳಾಗಿ, ಕಿರಂಗೂರಿಗೆ ಮದುವೆಯಾಗಿ ಹೋದಳು. ಅವಳು ಹೋದ ಮೇಲೆ ಮನೆಯಲ್ಲಿ ನಾಲ್ಕೇ ಜನ. ಪುಟ್ಟಸ್ವಾಮಿ ಅಷ್ಟು ಹೊತ್ತಿಗೆ ಬಾವಿಯ ಪಕ್ಕದ ಹೊಲಕ್ಕೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಸಾಕಲು ಶುರುಮಾಡಿದ್ದ. ನಡುಮನೆಯಲ್ಲಿ ಹುಳದ ತಟ್ಟೆಗಳನ್ನು ಜೋಡಿಸಿದ ಮೇಲೆ ಮನೆಯ ವಾಸನೆಯೇ ಬದಲಾಯಿತು. ಹಿಂದೆ ಕುರಿ ರೊಪ್ಪ, ಮುಂದೆ ಹುಳ. ಎರಡರ ನಡುವೆ ಇಬ್ಬರು ಹೆಂಗಸರು. ಯಶೋದಮ್ಮ ಹುಳದವಳಾದಳು, ದೊಡ್ಡತಾಯಮ್ಮ ಕುರಿಯವಳಾಗಿಯೇ ಉಳಿದಳು.

ಆ ದಿನ ಹುಳಗಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಸೊಪ್ಪಿಗಾಗಿ ಬಾಯಿ ಬಿಡುತ್ತಿದ್ದವು. ಆ ಹೊತ್ತಿನಲ್ಲಿ ಅವು ತಿನ್ನುವ ಸದ್ದು ಜಡಿಮಳೆಯ ಹಾಗೆ ಕೇಳಿಸುತ್ತದೆ. ಒಂದು ದಿನ ಸೊಪ್ಪು ತಪ್ಪಿದರೂ ಬೆಳೆ ಹೋದಂತೆಯೇ. ದೊಡ್ಡತಾಯಮ್ಮ ಬಾವಿಯ ಮೇಲಿನ ಬೀಳಿನಲ್ಲಿ ಕುರಿ ಆಡುಗಳನ್ನು ಮೇಯಿಸುತ್ತಿದ್ದಳು. ಒಂದು ಕುರಿ ಅಲ್ಲೇ ಜಾಲಿಯ ಮರದಡಿ ಮಲಗಿ ಈಯತೊಡಗಿತು. ಚೊಚ್ಚಲ ಕುರಿ, ಹೆದರಿತ್ತು. ಆಕೆ ಅದರ ಬಳಿ ಕೂತಳು. ಮರಿ ಬಿದ್ದು, ಮೈ ಒರೆಸಿ, ಮೂಗಿನ ಲೋಳೆ ತೆಗೆದು, ಕೆಚ್ಚಲಿಗೆ ಹಚ್ಚಿ ತಲೆಯೆತ್ತಿ ನೋಡಿದರೆ ಆಡು ಒಂದೂ ಕಾಣಲಿಲ್ಲ. ಅವೆಲ್ಲ ಬೇಲಿ ನುಸುಳಿ ಹಿಪ್ಪುನೇರಳೆ ತೋಟದೊಳಗಿದ್ದವು. ಎಳೆಯ ಕುಡಿಗಳೆಲ್ಲ ಬರಿ ಕಡ್ಡಿಯಾಗಿದ್ದವು.

ಯಶೋದಮ್ಮ ಸೊಪ್ಪು ಕೊಯ್ಯಲು ಮಂಕರಿ ಹೊತ್ತು ಬಂದಿದ್ದಳು. ತೋಟ ನೋಡಿ ಅವಳಿಗೆ ಎಲ್ಲಿತ್ತೋ ಸಿಟ್ಟು. ಮಂಕರಿಯನ್ನು ಬಿಸುಟು ಕೂಗಾಡಿದಳು. ಸುತ್ತಲ ಹೊಲದವರು ಕೆಲಸ ಬಿಟ್ಟು ನಿಂತು ನೋಡಿದರು.

"ಹುಳ ಅಲ್ಲಿ ಉಪಾಸ ಸಾಯ್ತಾವೆ! ನಿಂಗೆ ನಿನ್ ಆಡೇ ದೊಡ್ಡವಾದ್ವಾ?"

"ಕುರಿ ಈಯ್ತಿತ್ತು ಕಣೆ ಯಶೋದ, ವಸಿ ಕಣ್ ತಪ್ಪೋಯ್ತು. ತಪ್ಪಾಯ್ತು," ಎಂದಳು ದೊಡ್ಡತಾಯಮ್ಮ. ಆಕೆಯ ಕೈಗೆ ಇನ್ನೂ ಮರಿಯ ಲೋಳೆ ಅಂಟಿತ್ತು.

"ಸಾಕಿ ಉಳಿಸ್ಕಂಡಿದ್ರಲ್ವಾ ಗೊತ್ತಾಗಾದು! ಮೂರನ್ನೂ ಮಣ್ಣಿಗಾಕ್ದೋಳ್ಗೆ ಏನ್ ಗೊತ್ತಾದದು ಸಾಕಾಟ!"

ಆಡಿದ ಮೇಲೆ ಯಶೋದಮ್ಮನೇ ಬಾಯಿಗೆ ಸೆರಗು ಹಿಡಿದುಕೊಂಡಳು. ದೊಡ್ಡತಾಯಮ್ಮ ಬಗ್ಗಿ ಈಗಷ್ಟೇ ಹುಟ್ಟಿದ ಮರಿಯನ್ನು ಎತ್ತಿಕೊಂಡು, ಆಡುಗಳನ್ನು ಅಟ್ಟಿಕೊಂಡು ಮನೆಯ ದಾರಿ ಹಿಡಿದಳು. ದೀಪನ್ನ ಸಾಕಿದ್ದು ಯಾರು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಆಡಲಿಲ್ಲ. ಅಂದಿನಿಂದ ಯಶೋದಮ್ಮನೊಡನೆ ಬೇರೆ ಯಾವ ಮಾತನ್ನೂ ಆಡಲಿಲ್ಲ.

ಆ ಬೆಳೆ ಪೂರಾ ಹೋಯಿತು. ಪುಟ್ಟಸ್ವಾಮಿ ಹುಳಗಳನ್ನು ತಿಪ್ಪೆಗೆ ಸುರಿದು ಬಂದು, ಅಣ್ಣನ ಎದುರು ನಿಂತು, ಬೇರೆಯಾಗೋಣ ಎಂದ. ದೇವಯ್ಯ ಎಲೆಅಡಿಕೆ ಉಗಿದು, "ಆಗಾನ" ಎಂದ. ಒಂದೇ ಒಲೆ ಎರಡಾಗಲು ಅಷ್ಟು ಮಾತು ಸಾಕಾಯಿತು.

ಊರಿನ ಹಿರಿಯ ಮರಿಯಯ್ಯ ಬಂದು ಪಾಲು ಮಾಡಿದ. ಹೊಲ ಭಾಗವಾಯಿತು, ಮನೆ ಭಾಗವಾಯಿತು. ರೊಪ್ಪ ಅಣ್ಣನ ಪಾಲಿಗೆ ಬಂತು. ಆಡುಗಳು ನಮಗೆ ಬೇಡವೇ ಬೇಡ ಎಂದ ಪುಟ್ಟಸ್ವಾಮಿ. ಕುರಿಗಳನ್ನು ಹಟ್ಟಿಗೆ ಹೊರಡಿಸಿ, ಒಂದು ಅತ್ತ ಒಂದು ಇತ್ತ ಬಿಡುತ್ತ ಹೋದರು. ಹಳೆಯವು ಮಾರಿಯೋ ಸತ್ತೋ ಹೋಗಿ, ಆಮೇಲೆ ಕೊಂಡು ತಂದವುಗಳ ನಡುವೆ ತವರಿನ ಸಾಲಿನಲ್ಲಿ ಉಳಿದಿದ್ದ ಒಂದೇ ಕುರಿ, ಕೆಂಚಿ, ಯಶೋದಮ್ಮನ ಕಡೆಗೆ ಹೋಯಿತು.

"ತಾಯಮ್ಮ, ಅದು ನಿಮ್ಮಪ್ಪ ಕೊಟ್ ಕಳಿಸಿದ್ ಸಾಲಿಂದು. ಬೇಕಾದ್ರೆ ಬದ್ಲಾಯಿಸ್ಕೊ, ಅವ್ರು ಬ್ಯಾಡ ಅನ್ನಾಕಿಲ್ಲ," ಎಂದ ಮರಿಯಯ್ಯ.

"ಬಂದಂಗಿರ್ಲಿ ಬುಡಿ," ಎಂದಳು ದೊಡ್ಡತಾಯಮ್ಮ. ಯಶೋದಮ್ಮ ಕೊಡುತ್ತೇನೆಂದು ಬಾಯಿ ಬಿಟ್ಟು ಹೇಳಿದ್ದರೆ ತೆಗೆದುಕೊಳ್ಳುತ್ತಿದ್ದಳೇನೋ. ಯಶೋದಮ್ಮ ನೆಲ ನೋಡುತ್ತ ನಿಂತಿದ್ದಳು.

ಹಟ್ಟಿಯಂಗಳದ ನಡುವೆ ಮಣ್ಣಿನ ಗೋಡೆ ಎದ್ದಿತು, ಆಳೆತ್ತರ. ಜನರಿಗೆ ಪಾಲು ಅರ್ಥವಾದರೂ ಕುರಿಗಳಿಗೆ ಆಗಲಿಲ್ಲ. ಸಂಜೆ ಮೇದು ಬಂದ ಹಿಂಡು ಪೂರ್ತಿಯಾಗಿ ಹಳೆಯ ರೊಪ್ಪಕ್ಕೇ ನುಗ್ಗುತ್ತಿತ್ತು. ಯಶೋದಮ್ಮ ಬಂದು, ಬಾಗಿಲಲ್ಲಿ ನಿಂತು, ತನ್ನವನ್ನು ಬೇರೆ ಮಾಡಿ ಹೊಡೆದುಕೊಂಡು ಹೋಗಬೇಕು. ದೊಡ್ಡತಾಯಮ್ಮ ಅವಳಿಗೆ ದಾರಿ ಬಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಕೆಂಚಿಯಂತೂ ತಿಂಗಳುಗಟ್ಟಲೆ ಹಟ ಮಾಡಿತು. ಕೊನೆಗೆ ಅದನ್ನೂ ಹಗ್ಗ ಹಾಕಿ ಎಳೆದು ರೂಢಿ ಮಾಡಿಸಿದರು. ದೀಪ ಗೌರಿ ಹಬ್ಬಕ್ಕೆ ಬಂದವಳು ಎರಡು ಮನೆಗೂ ಹೋಗಿ, ಎರಡು ಕಡೆಯೂ ಅತ್ತು, ಎರಡು ಕಡೆಯೂ ಬೈದು ಕಿರಂಗೂರಿಗೆ ವಾಪಸಾದಳು. ಅದರಿಂದ ಏನೂ ಆಗಲಿಲ್ಲ.

ಹೀಗೆ ಒಂದು ವರ್ಷ ಕಳೆದು ತೊಂಬತ್ತೈದನೇ ಇಸವಿಯ ರಾಗಿ ಕೊಯ್ಲು ಬಂತು. ಕುರಿಗಳು ಈಯುವ ಕಾಲವೂ ಅದೇ. ದೊಡ್ಡತಾಯಮ್ಮನ ರೊಪ್ಪದಲ್ಲಿ ದಿನ ಬಿಟ್ಟು ದಿನ ಮರಿ ಬೀಳುತ್ತಿದ್ದವು. ಎಳೆಯ ಮರಿಗಳನ್ನು ಮಂಕರಿ ಕವುಚಿ ಅದರಡಿ ಬಿಟ್ಟು, ತಾಯಂದಿರನ್ನು ಹತ್ತಿರದಲ್ಲೇ ಮೇಯಿಸಿಕೊಂಡು ಬರುತ್ತಿದ್ದಳು. ಗೋಡೆಯಾಚೆಯೂ ಮರಿಗಳು ಅರಚುವುದು ಕೇಳಿಸುತ್ತಿತ್ತು. ಯಾವುದು ಈದಿದೆ, ಯಾವುದು ಇನ್ನೂ ಗಬ್ಬವಾಗಿದೆ ಎಂಬುದು ಆಕೆಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಕೆಂಚಿ ಇನ್ನೂ ಈದಿರಲಿಲ್ಲ. ಒಂದು ದಿನ ಬೀದಿಯಲ್ಲಿ ಎದುರಾದಾಗ ಅದರ ಹೊಟ್ಟೆ ತೂಗುತ್ತಿದ್ದ ರೀತಿ ನೋಡಿ, ಎರಡಿರಬಹುದು ಅಂದುಕೊಂಡಿದ್ದಳು.

ಮರುದಿನ ಮಧ್ಯಾಹ್ನ ಬೀದಿ ಬರಿದಾಗಿತ್ತು, ಎಲ್ಲರೂ ಕೊಯ್ಲಿಗೆ ಹೋಗಿದ್ದರು. ಪುಟ್ಟಸ್ವಾಮಿ ರೇಷ್ಮೆಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋಗಿದ್ದ. ದೇವಯ್ಯ ಉಂಡು ಜಗಲಿಯ ಮೇಲೆ ಒರಗಿದ್ದ. ದೊಡ್ಡತಾಯಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಾಗ ಗೋಡೆಯಾಚೆ ಕೆಂಚಿ ಅರಚಿತು. ಈಯುವ ಕುರಿ ಅರಚುವುದು ಬೇರೆ, ಸಿಕ್ಕಿಹಾಕಿಕೊಂಡ ಕುರಿ ಅರಚುವುದು ಬೇರೆ. ಆಕೆಯ ಕೈ ಮೊರದಲ್ಲಿ ನಿಂತಿತು. ಮತ್ತೆ ಅರಚಿತು. ಆಮೇಲೆ ಹಲ್ಲು ಕಡಿದಂಥ ನರಳು.

ದೇವಯ್ಯ ಒರಗಿದ್ದಲ್ಲಿಂದಲೇ ತಲೆಯೆತ್ತಿದ. "ಲೇ, ಕೇಳಿಸ್ತಾ? ಮರಿ ಅಡ್ಡ ಬಿದ್ದದೆ ಅದ್ಕೆ. ಎದ್ದೋಗು."

"ಕರೀಲಿ. ಓಯ್ತೀನಿ."

"ಪುಟ್ಟಸ್ವಾಮಿ ಇಲ್ಲ ಅಲ್ಲಿ. ಅವಳೊಬ್ಳೇ ಅವ್ಳೆ."

"ಬಾಯ್ ಇಲ್ವಾ ಅವಳ್ಗೆ? ಆವತ್ತಿತ್ತಲ್ಲ ಬಾಯಿ."

ಆಕೆ ಹುರುಳಿ ಕೇರುತ್ತಲೇ ಇದ್ದಳು. ಕಲ್ಲು ಯಾವುದು ಕಾಳು ಯಾವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಬಳೆಯ ಸದ್ದು ಹತ್ತಿರವಾಯಿತು. ಯಶೋದಮ್ಮ ಗೋಡೆಯ ಬುಡಕ್ಕೆ ಬಂದು ನಿಂತಿದ್ದಳು. ಅವಳು ಏದುಸಿರು ಬಿಡುತ್ತಿದ್ದುದೂ ಕೇಳಿಸಿತು. ದೊಡ್ಡತಾಯಮ್ಮ ಮೊರ ಕೆಳಗಿಟ್ಟಳು. ಅಕ್ಕ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಮೆತ್ತಗೆ ಅಂದಿದ್ದರೂ ಸಾಕಿತ್ತು. ಹರಳೆಣ್ಣೆಯ ಸೀಸೆಯ ಕಡೆ ಆಕೆಯ ಕಣ್ಣು ಹೋಗಿಬಂತು. ಗೋಡೆಯಾಚೆ ಬಳೆಗಳು ಸುಮ್ಮನಿದ್ದವು. ಆಮೇಲೆ ಮೆಲ್ಲಗೆ ದೂರ ಸರಿದವು.

ದೊಡ್ಡತಾಯಮ್ಮ ಮತ್ತೆ ಮೊರ ಎತ್ತಿಕೊಂಡಳು.

ಬಿಸಿಲು ಹಟ್ಟಿಯಿಂದ ಗೋಡೆಗೇರಿತು, ಗೋಡೆಯಿಂದ ಹೆಂಚಿಗೇರಿತು. ಕೆಂಚಿಯ ಸದ್ದು ಮೊದಲು ಗೊಗ್ಗರಾಯಿತು, ಆಮೇಲೆ ವಿರಳವಾಯಿತು. ಬಿಡುವು ಸಿಕ್ಕಿ ಸುಮ್ಮನಾಯಿತೋ ಸೋತು ಸುಮ್ಮನಾಯಿತೋ ಎಂದು ಕಿವಿಗೊಟ್ಟಳು. ಹುಟ್ಟಿದ ಮರಿಯ ಸಣ್ಣ ದನಿಗಾಗಿ ಕಾದಳು. ಅದು ಬರಲಿಲ್ಲ. ಆಗ ಆಕೆ ಎದ್ದಳು. ಸೀಸೆಯನ್ನು ಸೆಳೆದುಕೊಂಡು, ದೇವಯ್ಯ ಕಣ್ಣು ಬಿಟ್ಟು ನೋಡುತ್ತಿದ್ದಂತೆ, ಬೀದಿಗಿಳಿದು, ಒಂದು ವರ್ಷದಿಂದ ತುಳಿಯದ ಹೊಸಿಲು ದಾಟಿದಳು.

ಕೆಂಚಿ ಹುಲ್ಲಿನ ಮೇಲೆ ಕತ್ತು ಚಾಚಿ ಬಿದ್ದಿತ್ತು. ಯಶೋದಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕೈಗೂ ರಕ್ತವಾಗಿತ್ತು. ತಾನೇ ಕೈಹಾಕಿ ನೋಡಿದ್ದಳು, ಆಗಿರಲಿಲ್ಲ. ದೊಡ್ಡತಾಯಮ್ಮ ಮಂಡಿಯೂರಿ ಕೂತು ಕೈಗೆ ಎಣ್ಣೆ ಹಚ್ಚಿಕೊಂಡಳು. ಒಳಗೆ ಮರಿಯ ಎರಡು ಕಾಲೂ ಮುಂದಿದ್ದವು, ತಲೆ ಮಾತ್ರ ಹಿಂದಕ್ಕೆ ಪಕ್ಕೆಯ ಕಡೆ ಹೊರಳಿತ್ತು. ದವಡೆಗೆ ಬೆರಳು ಸಿಕ್ಕಿಸಿ ತಂದಳು. ನಾಲಿಗೆ ಊದಿ ಹೊರಬಿದ್ದಿತ್ತು. ಸತ್ತು ಆಗಲೇ ಹೊತ್ತಾಗಿತ್ತು. ಅದನ್ನು ಪಕ್ಕಕ್ಕಿಟ್ಟು ಮತ್ತೆ ಕೈಯಿಟ್ಟಳು. ಎರಡನೆಯದರ ಗೊರಸು ಬೆರಳಿಗೆ ತಾಗಿ ಮಿಡುಕಿತು.

"ಇದ್ರಲ್ಲಿ ಜೀವ ಅದೆ," ಎಂದಳು. ಅದು ವರ್ಷದ ಮೇಲೆ ಆಕೆ ಯಶೋದಮ್ಮನೊಡನೆ ಆಡಿದ ಮೊದಲ ಮಾತು.

ಆ ಮರಿಯನ್ನು ಎಳೆದು, ಹಿಂಗಾಲು ಹಿಡಿದು ತಲೆಕೆಳಗೆ ಜೋಲಿಸಿ, ಮೂಗಿಗೆ ಊದಿ, ಒಣಹುಲ್ಲಿನಲ್ಲಿ ತಿಕ್ಕಿದಳು. ಅದು ಸೀನಿತು, ಆಮೇಲೆ ಅರಚಿತು. ಕೆಂಚಿಯ ಕಿವಿ ಒಮ್ಮೆ ಅಲ್ಲಾಡಿತು. ಮರಿಯನ್ನು ಅದರ ಮೂಗಿನ ಬಳಿ ಹಿಡಿದರು. ನೆಕ್ಕಲು ನಾಲಿಗೆ ಚಾಚಿತು, ಮರಿಯ ಕಿವಿಯ ಮೇಲೆ ಎರಡು ಸಲ ಎಳೆಯಿತು. ಅಷ್ಟೇ. ಒಳಗಿನ ರಕ್ತ ನಿಲ್ಲಲಿಲ್ಲ. ಬೆಳಕಿರುವಾಗಲೇ ಕೆಂಚಿಯ ಕಣ್ಣು ಗಾಜಿನಂತಾದವು.

ಯಶೋದಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಬತ್ತೀಯ ಬತ್ತೀಯ ಅಂತ ಕಾದೆ ಕಣಕ್ಕ."

"ಕರೀತೀಯ ಅಂತ ನಾನೂ ಕಾದೆ."

"ಯಾವ್ ಮೊಕ ಇಟ್ಕಂಡು ಕರೀಲಿ? ಗ್ವಾಡೆ ತಾವ್ ಬಂದಿದ್ದೆ. ಬಾಯೇ ಬರ್ನಿಲ್ಲ."

"ಕೇಳಿಸ್ತು," ಎಂದಳು ದೊಡ್ಡತಾಯಮ್ಮ. "ನಿನ್ ಬಳೆ ಸದ್ದು ಕೇಳಿಸ್ತು ನಂಗೆ."

ಯಶೋದಮ್ಮ ಅಳು ನಿಲ್ಲಿಸಿ ಆಕೆಯ ಮುಖ ನೋಡಿದಳು. ಕೇಳಿಸಿಯೂ ಬರಲಿಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು. ಏನಾದರೂ ಅನ್ನುತ್ತಾಳೆಂದು ದೊಡ್ಡತಾಯಮ್ಮ ಕಾದಳು, ಅಂದುಬಿಟ್ಟಿದ್ದರೆ ಹಗುರಾಗುತ್ತಿತ್ತು. ಯಶೋದಮ್ಮ ಸತ್ತ ಮರಿಯನ್ನು ಸತ್ತ ತಾಯಿಯ ಹೊಟ್ಟೆಯ ಬಳಿ ಸರಿಸಿ, ಗೋಣಿಚೀಲ ಹೊದಿಸಿದಳು.

ಉಳಿದ ಮರಿ ಹೆಣ್ಣು. ಮುಖ ಕೆಂಚಗೆ. ಅದಕ್ಕೆ ಹಾಲು ಬೇಕಿತ್ತು. ಯಶೋದಮ್ಮನ ಕುರಿಗಳಲ್ಲಿ ಬೇರೆ ಮರಿಯನ್ನು ಸೇರಿಸುವಷ್ಟು ಹಾಲು ಯಾವುದಕ್ಕೂ ಇರಲಿಲ್ಲ. ದೊಡ್ಡತಾಯಮ್ಮನ ಬಳಿ ಕರಿ ಆಡೊಂದು ಒಂದೇ ಮರಿ ಹಾಕಿ ಕೆಚ್ಚಲು ತುಂಬಿಕೊಂಡು ನಿಂತಿತ್ತು. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು ಆಡಿನ ಬಳಿ ಬಿಟ್ಟಳು. ಆಡು ಮೂಸಿ ನೋಡಿತು, ಕೊಂಬಿನಿಂದ ಎತ್ತಿ ಒಗೆಯಿತು. ಆಡಿನದೇ ಹಾಲನ್ನು ಮರಿಯ ಬಾಲಕ್ಕೆ, ಬೆನ್ನಿಗೆ ಸವರಿ ಮತ್ತೆ ಬಿಟ್ಟಳು. ಆಗಲೂ ಒದ್ದಿತು. ಆಡಿನ ತಲೆ ಹಿಡಿಯಲು ಒಬ್ಬರು, ಹಿಂಗಾಲು ಹಿಡಿದು ಮರಿಯನ್ನು ಮೊಲೆಗೆ ಹಚ್ಚಲು ಒಬ್ಬರು ಬೇಕಾಗಿತ್ತು. ದೇವಯ್ಯನಿಗೆ ಸೊಂಟ ಬಗ್ಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಯಶೋದಮ್ಮ ತಾನಾಗಿಯೇ ಬಂದಳು. ರೊಪ್ಪದ ಬಾಗಿಲಲ್ಲಿ ನಿಂತು, "ನಾನ್ ತಲೆ ಇಡ್ಕತೀನಿ," ಎಂದಳು.

ಅಂದಿನಿಂದ ಬೆಳಿಗ್ಗೆ ಸಂಜೆ ಅವಳು ಬರತೊಡಗಿದಳು. ಆಡಿನ ಕೊಂಬು ಹಿಡಿದು, ಅದರ ಹಣೆಗೆ ತನ್ನ ಹಣೆ ಒತ್ತಿ ಕೂರುತ್ತಿದ್ದಳು. ದೊಡ್ಡತಾಯಮ್ಮ ಹಿಂದೆ ಕೂತು ಮರಿಗೆ ಮೊಲೆ ಕೊಡಿಸುತ್ತಿದ್ದಳು. ಇಬ್ಬರ ನಡುವೆ ಆಡಿನ ಮೈ ಅಡ್ಡ ಇರುತ್ತಿದ್ದುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅದು ಒಳ್ಳೆಯದೇ ಆಗಿತ್ತು. ಮಾತೆಲ್ಲ ಆಡಿನದು, ಮರಿಯದು. ಕುಡೀತಾ. ಕುಡೀತು. ಸಾಕಾ. ಇನ್ ವಸಿ ಕುಡೀಲಿ. ಒಂದು ದಿನ ಅತ್ತಿಸೊಪ್ಪು ಹಾಕಿದರೆ ಹಾಲು ಹೆಚ್ಚೀತೇ ಎಂದು ಯಶೋದಮ್ಮ ಕೇಳಿದಳು. ಇನ್ನೊಂದು ದಿನ ತಾನೇ ಒಂದು ಹೊರೆ ಅತ್ತಿಸೊಪ್ಪು ತಂದು ಬಿಸಾಕಿ ಹೋದಳು. ಪುಟ್ಟಸ್ವಾಮಿ ಗೋಡೆಯಾಚೆಯಿಂದ ಹೆಂಡತಿಯನ್ನು ಕೂಗಿ, "ಹುಳಕ್ಕೆ ಸೊಪ್ಪಾಕೋರ್ ಯಾರು?" ಎಂದರೆ, "ಬತ್ತೀನಿ ಇರಿ, ಮರಿ ಕುಡೀತಾ ಅದೆ," ಎನ್ನುತ್ತಿದ್ದಳು.

ಮರಿ ಮೈ ತುಂಬಿಕೊಂಡಿತು. ಒಂದು ಬೆಳಿಗ್ಗೆ ದೊಡ್ಡತಾಯಮ್ಮ ಎದ್ದು ಬಂದು ನೋಡಿದರೆ ಆಡು ತಾನಾಗಿ ಕಾಲು ಅಗಲಿಸಿ ನಿಂತಿತ್ತು. ಮರಿ ಮಂಡಿಯೂರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು. ಆಕೆ ಅದನ್ನು ನೋಡುತ್ತ ನಿಂತಳು. ಖುಷಿಪಡಬೇಕಿತ್ತು. ಬೀದಿಯಲ್ಲಿ ಯಶೋದಮ್ಮನ ಹೆಜ್ಜೆ ಕೇಳಿಸಿತು. ಆಕೆ ಸರಕ್ಕನೆ ಮರಿಯನ್ನು ಬಿಡಿಸಿ ಮಂಕರಿಯಡಿ ಹಾಕಿದಳು. ಯಶೋದಮ್ಮ ಬಂದು ಎಂದಿನಂತೆ ಕೊಂಬು ಹಿಡಿದಳು. ಆಡು ಒದೆಯಲಿಲ್ಲ, ಮಿಸುಕಲಿಲ್ಲ. ದೊಡ್ಡತಾಯಮ್ಮ ಅದರ ಹಿಂಗಾಲನ್ನು ಬಿಗಿಯಾಗಿ ಹಿಡಿದೇ ಇದ್ದಳು. ಯಶೋದಮ್ಮನಿಗೂ ಗೊತ್ತಾಗದೆ ಇದ್ದೀತೇ, ಅವಳೂ ಕೊಂಬು ಬಿಡಲಿಲ್ಲ. ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ ಬಂದಳು. ಹಿಡಿಯಬೇಕಿಲ್ಲದ ಆಡನ್ನು ಇಬ್ಬರೂ ಹಿಡಿದು ಕೂರುತ್ತಿದ್ದರು.

ಹಾಗೆ ಕೂತಿದ್ದಾಗಲೇ ಒಂದು ಸಂಜೆ ಯಶೋದಮ್ಮ, ಆಡಿನ ಹಣೆಯ ಮೇಲೆ ಮುಖವಿಟ್ಟು, "ಅಕ್ಕ, ಆವತ್ತು ತ್ವಾಟದಲ್ಲಿ ನಾನು..." ಎಂದು ಶುರುಮಾಡಿದಳು.

"ಕೊಂಬ್ ನೆಟ್ಟಗಿಡ್ಕೊ," ಎಂದಳು ದೊಡ್ಡತಾಯಮ್ಮ.

ಯಶೋದಮ್ಮ ಕೊಂಬನ್ನು ನೆಟ್ಟಗೆ ಹಿಡಿದಳು. ಆ ರಾತ್ರಿ ದೊಡ್ಡತಾಯಮ್ಮ ಉಣ್ಣಲು ಕೂತು ಮುದ್ದೆ ಮುರಿಯದೆ ಬಹಳ ಹೊತ್ತು ಇದ್ದಳು. ಆಡಲು ಬಿಡಬೇಕಿತ್ತು ಎಂದು ಆಗ ಅನಿಸಿತು. ಬಿಟ್ಟಿದ್ದರೆ ತಾನೂ ಆ ಮಧ್ಯಾಹ್ನದ ಮಾತು ಎತ್ತಬೇಕಾಗುತ್ತಿತ್ತು. ಅದಕ್ಕೆ ಇನ್ನೂ ಶಕ್ತಿ ಬಂದಿರಲಿಲ್ಲ. ನಾಳೆ ಅವಳೇ ಮತ್ತೆ ಎತ್ತಿದರೆ ತಡೆಯಬಾರದು ಅಂದುಕೊಂಡಳು.

ಸಂಕ್ರಾಂತಿಯ ಆಸುಪಾಸಿನಲ್ಲಿ, ಬೆಳಗಿನ ಮಂಜು ಹೆಚ್ಚಿದ್ದ ದಿನಗಳಲ್ಲಿ, ಮರಿಗೆ ಭೇದಿ ಶುರುವಾಯಿತು. ಮೊದಲು ನೀರಾಗಿ, ಆಮೇಲೆ ರಕ್ತವಾಗಿ. ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದರು. ಪುಟ್ಟಸ್ವಾಮಿಯೇ ಸೈಕಲ್ಲು ಹತ್ತಿ ಕೆ.ಆರ್. ಪೇಟೆಗೆ ಹೋಗಿ ದನದ ಡಾಕ್ಟರಿಂದ ಮಾತ್ರೆ ತಂದುಕೊಟ್ಟ. ರೊಪ್ಪದ ಬಾಗಿಲಲ್ಲಿ ಮಾತ್ರೆಯ ಪೊಟ್ಟಣ ಚಾಚಿ, "ತಗೊಳ್ಳಿ ಅತ್ಗೆ," ಎಂದ. ಅತ್ತಿಗೆಯೆಂದು ಅವನು ಕರೆದದ್ದೂ ಪಾಲಾದ ಮೇಲೆ ಅದೇ ಮೊದಲು. ಮಾತ್ರೆಯನ್ನು ಅರೆದು ಕುಡಿಸಿದರು. ಒಂದು ದಿನ ಚೇತರಿಸಿಕೊಂಡಂತೆ ಕಂಡಿತು. ಮರುದಿನ ಕಾಲು ಊರಲಾಗಲಿಲ್ಲ. ಯಶೋದಮ್ಮ ಅದನ್ನು ಮಡಿಲಲ್ಲಿ ಹಾಕಿಕೊಂಡು ಎಳೆಬಿಸಿಲಿಗೆ ಕೂತಳು. ದೊಡ್ಡತಾಯಮ್ಮ ಆಡಿನ ಹಾಲು ಕರೆದು, ಬಟ್ಟೆಯ ಬತ್ತಿ ಅದ್ದಿ ಬಾಯಿಗಿಟ್ಟಳು. ಹಾಲು ಕಟವಾಯಿಂದ ಹಾಗೇ ಇಳಿದುಹೋಯಿತು. ಯಶೋದಮ್ಮ ಆ ಬತ್ತಿಯನ್ನೇ ನೋಡುತ್ತಿದ್ದಳು.

"ದೀಪಂಗೂ ಇಂಗೇ ಅಲ್ವಾ ಕುಡಿಸ್ತಿದ್ದದ್ದು," ಎಂದಳು.

"ಊಂ."

ಬಿಸಿಲು ಏರುವ ಮೊದಲೇ ಮರಿ ಹೋಯಿತು.

ಹಿತ್ತಲಲ್ಲಿ ಗುಂಡಿ ತೋಡಿದವನು ದೇವಯ್ಯ. ಬಗ್ಗದ ಸೊಂಟದಲ್ಲೇ ಬಗ್ಗಿ ತೋಡಿದ. ಮಾರನೆಯ ಬೆಳಿಗ್ಗೆ ಯಶೋದಮ್ಮ ರೂಢಿಯಂತೆ ರೊಪ್ಪಕ್ಕೆ ಬಂದಳು. ಬಂದ ಮೇಲೆ ಯಾಕೆ ಬಂದೆನೆಂದು ಅವಳಿಗೇ ತಿಳಿಯದಂತೆ ನಿಂತಳು. ದೊಡ್ಡತಾಯಮ್ಮ ಒಳಗಿಂದ ಕಾಫಿ ತಂದುಕೊಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿದರು. ಈಗ ನಡುವೆ ಆಡು ಇರಲಿಲ್ಲ, ಮುಖಕ್ಕೆ ಮುಖ ಕಾಣುತ್ತಿತ್ತು. ದೊಡ್ಡತಾಯಮ್ಮ ಏನಾದರೂ ಹೇಳಬೇಕೆಂದು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತಳು.

"ಹುಳಕ್ಕೆ ಸೊಪ್ಪಾಕ್ಬೇಕು," ಎಂದು ಯಶೋದಮ್ಮ ಎದ್ದಳು.

"ಊಂ, ಓಗು."

ಆಮೇಲೆ ಅವಳು ದಿನಾ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೆ ಇಬ್ಬರೂ ನಿಂತು ಮಾತಾಡುತ್ತಿದ್ದರು: ಮಳೆ, ಮೇವು, ದೀಪ ಬಸುರಿಯಂತೆ ಎಂಬ ಸುದ್ದಿ. ಹಳಬರು ಅದನ್ನು ಕಂಡು, ಸದ್ಯ ಮಾತು ಶುರುವಾಯಿತಲ್ಲ ಎಂದು ಸಮಾಧಾನಪಟ್ಟರು. ಆದರೆ ತೋಟದ ಮಾತನ್ನು ಯಶೋದಮ್ಮ ಮತ್ತೆ ಎತ್ತಲಿಲ್ಲ, ಬಳೆಯ ಸದ್ದಿನ ಮಾತನ್ನು ದೊಡ್ಡತಾಯಮ್ಮ ಎತ್ತಲಿಲ್ಲ.

ಆ ಬೇಸಿಗೆ ಪುಟ್ಟಸ್ವಾಮಿ, ಹುಳ ಕುರಿ ಎರಡೂ ಆಗುವುದಿಲ್ಲವೆಂದು ತನ್ನ ಪಾಲಿನ ಕುರಿಗಳನ್ನೆಲ್ಲ ತೆಂಡೇಕೆರೆ ಸಂತೆಗೆ ಹೊಡೆದುಕೊಂಡು ಹೋದ. ಹೊರಟ ಕುರಿಗಳು ಬೀದಿಯಲ್ಲಿ ಹಳೆಯ ರೊಪ್ಪದ ದಾರಿಗೆ ಬಂದಾಗ ಒಂದೆರಡು ಒಳಕ್ಕೆ ತಿರುಗಿದವು. ದೊಡ್ಡತಾಯಮ್ಮನೇ ಅಡ್ಡ ನಿಂತು ಅವನ್ನು ಹಿಂದಕ್ಕಟ್ಟಿದಳು. ಪಾಲಿಗೆ ಬಂದ ಮನೆಯಲ್ಲಿ ಹುಳಕ್ಕೆ ಜಾಗ ಸಾಲದೆಂದು ಪುಟ್ಟಸ್ವಾಮಿ ತೋಟದಲ್ಲೇ ಮನೆ ಕಟ್ಟಿಸಿದ. ಹಾಲುಕ್ಕಿಸುವ ದಿನ ಯಶೋದಮ್ಮ ಕುಂಕುಮದ ಬಟ್ಟಲು ಹಿಡಿದು ಬಂದು, ಹೊಸಿಲಲ್ಲಿ ನಿಂತು, "ಬಾ ಅಕ್ಕ. ನೀನ್ ಬರ್ಬೇಕು," ಎಂದು ಕರೆದಳು. ಈ ಸಲ ಬಾಯಿತುಂಬ ಕರೆದಳು.

ದೊಡ್ಡತಾಯಮ್ಮ ಹೋದಳು. ಕಿರಂಗೂರಿನಿಂದ ತುಂಬಿದ ಬಸುರಿ ದೀಪ ಬಂದಿದ್ದಳು, ದೊಡ್ಡವ್ವನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನದು ಅಂಗೈಗೆ ಒದ್ದಿತು. ದೊಡ್ಡತಾಯಮ್ಮ ಬೆಂಕಿ ಮುಟ್ಟಿದವಳಂತೆ ಕೈ ಹಿಂತೆಗೆದುಕೊಂಡಳು. ಯಾಕೆ ದೊಡ್ಡವ್ವ ಎಂದು ಹುಡುಗಿ ನಕ್ಕಳು. ದೊಡ್ಡತಾಯಮ್ಮ ಎಲ್ಲರ ಜೊತೆ ಕೂತು ಉಂಡಳು. ಹೊತ್ತು ಇಳಿಯುತ್ತಿದ್ದಂತೆ ಕುರಿಗಳನ್ನು ರೊಪ್ಪಕ್ಕೆ ಕೂಡಬೇಕು ಎಂದು ಎದ್ದಳು.

"ಇನ್ನೊಂದ್ ಗಳಿಗೆ ಇರಕ್ಕ. ಭಾವ ಕೂಡ್ತಾರೆ ಬುಡು," ಎಂದಳು ಯಶೋದಮ್ಮ.

"ಅವ್ರ ಸೊಂಟ ಬಗ್ಗಾಕಿಲ್ಲ," ಎಂದು ದೊಡ್ಡತಾಯಮ್ಮ ಬದುವಿನ ದಾರಿ ಹಿಡಿದಳು.

ಮುಂದಿನ ರಾಗಿ ಕೊಯ್ಲಿನಲ್ಲಿ ಆಕೆಯ ರೊಪ್ಪದಲ್ಲಿ ಎಂದಿನಂತೆ ಮರಿಗಳು ಬಿದ್ದವು. ಒಂದೊಂದು ದಿನ ಕೆಲಸದ ನಡುವೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಗೋಡೆಯಾಚೆ ಖಾಲಿ ಹಟ್ಟಿಯಲ್ಲಿ ಗಾಳಿಗೆ ತಗಡೊಂದು ಬಡಿಯುತ್ತಿತ್ತು. ದೇವಯ್ಯ ಜಗಲಿಯಿಂದ, "ಏನ್ ಕೇಳುಸ್ಕತಿದ್ದೀಯೆ?" ಎಂದರೆ, "ಏನಿಲ್ಲ," ಎಂದು ಮತ್ತೆ ಕೆಲಸಕ್ಕೆ ತಿರುಗುತ್ತಿದ್ದಳು.